ಎರಡು ಟ್ಯಾಂಕಿನ ಪಿಕಪ್ಪಿನಿಂದ ಒಂದು ತೊಟ್ಟು

ದೇವರು ಮನುಷ್ಯನಿಗೆ ಒಂದೇ ಹೊಟ್ಟೆ ಕೊಟ್ಟ. ಅದರ ತಂಟೆಯೇ ಜನ್ಮಕ್ಕೆ ಸಾಕು. ಬಡಗಿಯ ಹಳೆಯ ಪಿಕಪ್ಪನ್ನು ಮಾಡಿದ ಪುಣ್ಯಾತ್ಮರು ಅದಕ್ಕೆ ಎರಡು ಹೊಟ್ಟೆ ಇಟ್ಟಿದ್ದರು. ಮುಂದೊಂದು ಪೆಟ್ರೋಲ್ ಟ್ಯಾಂಕು, ಹಿಂದೊಂದು. ಸ್ಟೀರಿಂಗಿನ ಪಕ್ಕದ ಗುಂಡಿ ಒತ್ತಿದರೆ ಎಂಜಿನ್ನು ಇದನ್ನು ಬಿಟ್ಟು ಅದರಿಂದ ಕುಡಿಯುತ್ತಿತ್ತು. ಬಡಗಿ ಮಾತ್ರ ಹದಿಮೂರು ವರ್ಷದಿಂದ ಮುಂದಿನ ಟ್ಯಾಂಕಿನಲ್ಲೇ ಓಡಿಸುತ್ತಿದ್ದ. ಹಿಂದಿನದನ್ನು ಕಂಠಮಟ್ಟ ತುಂಬಿಸಿ, ಆಪತ್ಕಾಲಕ್ಕಿರಲಿ ಎಂದು ಮುಟ್ಟದೆ ಬಿಟ್ಟಿದ್ದ. ಆ ಶನಿವಾರ ಬೆಳಿಗ್ಗೆ ಆಪತ್ತು ನೆಲದ ಮೇಲೆ ಅಂಗೈಯಗಲ ಒದ್ದೆಯಾಗಿ ಬಂತು.

ಬಂದದ್ದೂ ಎಲ್ಲಿ? ಲೈಬ್ರರಿಯ ಗೇಟಿನೆದುರಿಗೆ. ಗಾಡಿಯ ಮೇಲೆ ಬಡಗಿ ಎರಡು ತಿಂಗಳು ಕೂತು ಮಾಡಿದ ಪುಸ್ತಕದ ಕಪಾಟು ಇತ್ತು. ಇದು ಒಪ್ಪಿಗೆಯಾದರೆ ಇಂಥವೇ ಇನ್ನೂ ನಲವತ್ತು ಮಾಡುವ ಕೆಲಸ ಅವನಿಗೆ. ಸಂಜೆ ಐದರೊಳಗೆ ಒಳಗೆ ಸೇರದಿದ್ದರೆ ಆಚೆ ಬೀದಿಯ ಬಡಗಿಗೆ.

ಗೇಟಿನ ಕಾವಲುಗಾರ ಮೂಗರಳಿಸಿದ, ಬಗ್ಗಿ ನೋಡಿದ, ಕೈ ಅಡ್ಡ ಹಿಡಿದ.

“ಏನ್ರೀ ಇದು? ಒಳಗಿರೋದೆಲ್ಲ ಕಾಗದ. ನೀವು ಪೆಟ್ರೋಲ್ ಚಿಮುಕಿಸ್ಕೊಂಡು ಬರ್ತಾ ಇದೀರಲ್ಲ! ಒಂದು ತೊಟ್ಟು ಬಿದ್ರೂ ಗಾಡಿ ಒಳಗೆ ಬಿಡಲ್ಲ.”

“ಅದಕ್ಕೇನಂತೆ? ಸಂಜೆಯೊಳಗೆ ಒಣಗಿಸ್ಕೊಂಡು ಬರ್ತೀನಿ. ನನ್ನ ಗಾಡಿ ರೋಗ ನನಗೆ ಗೊತ್ತಿಲ್ವಾ?” ಎಂದು ಬಡಗಿ ಗಾಡಿ ತಿರುಗಿಸಿದ.

ಗೊತ್ತಿರಲಿಲ್ಲ. ಆದರೆ ಧೈರ್ಯವೂ ದೇವರು ಕೊಟ್ಟದ್ದೇ, ಸಕಾರಣವಾಗಿಯೇ ಇರಬೇಕೆಂದಿಲ್ಲ.

ಅವನ ಬೀದಿ ಇಳಿಜಾರು. ಮನೆಯ ಮುಂದೆ ಗಾಡಿ ನಿಲ್ಲಿಸಿದರೆ ಮೂತಿ ತಗ್ಗಿಗೆ, ಬಾಲ ಎತ್ತರಕ್ಕೆ. ಬಡಗಿ ಇನ್ನೂ ಕೆಳಗೆ ನುಸುಳುತ್ತಿದ್ದ ಹಾಗೆಯೇ ಎದುರುಮನೆಯ ಟೈಲರ್ ಕೊರಳಲ್ಲಿ ಅಳತೆ ಟೇಪಿನ ಸಮೇತ ಓಡಿಬಂದ. ಹಿಂದೆಯೇ ನಿವೃತ್ತ ಹೆಡ್‌ಮೇಷ್ಟ್ರು ಬಂದರು. ಯಾರದೇ ಮನೆಯ ನಲ್ಲಿ ಕೆಟ್ಟರೂ ಮೇಷ್ಟ್ರಿಗೆ ಮರುಜೀವ ಬಂದ ಹಾಗೆ.

“ತೊಟ್ಟು ಎಲ್ಲಿ ಬೀಳ್ತಾ ಇದೆಯಯ್ಯಾ?”

“ಮುಂದಿನ ಟ್ಯಾಂಕಿನ ಕೆಳಗೆ, ಮೇಷ್ಟ್ರೇ.”

“ಅಂದ್ಮೇಲೆ ತೂತು ಮುಂದಿನ ಟ್ಯಾಂಕಲ್ಲೇ. ಇದಕ್ಕೂ ಪಂಡಿತರು ಬೇಕಾ? ಸೋಪು ತಾ, ಸೋಪು! ಬೆಸುಗೆ ಉದ್ದಕ್ಕೂ ಮೆತ್ತು.”

ಬಡಗಿ ಮೈಸೋಪು ತಂದು ಮೆತ್ತಿದ. ಎಂಜಿನ್ನು ಹಚ್ಚಿದರು. ತೊಟ್ಟು ಬಿತ್ತು, ಈಗ ಘಮಘಮಿಸುತ್ತ ಬಿತ್ತು. ಒಂದು ತುಣುಕು ಸೋಪು ಬಡಗಿಯ ಕಣ್ಣಿಗೂ ಬಿತ್ತು.

“ಟ್ಯಾಂಕಲ್ಲ ಅಣ್ಣಾ, ಪೈಪು. ನೋಡು, ಹೊಲಿಗೆ ಬಿಟ್ಟ ಹಾಗಿದೆ,” ಎಂದ ಟೈಲರ್, ಸಿಕ್ಕ ಪೈಪಿಗೆಲ್ಲ ಚಡ್ಡಿಯ ಎಲಾಸ್ಟಿಕ್ ಸುತ್ತಿದ. ಎಂಜಿನ್ನು ಹಚ್ಚಿದರು. ತೊಟ್ಟು ಬಿತ್ತು. ಗಾಡಿಯ ಹೊಟ್ಟೆ ಆಸ್ಪತ್ರೆಯಿಂದ ಓಡಿಬಂದ ರೋಗಿಯಂತೆ ಕಾಣತೊಡಗಿತು.

ಮೇಷ್ಟ್ರು ಗದ್ದ ಕೆರೆದುಕೊಂಡರು. “ಭಾರ ಕಣಯ್ಯಾ, ಭಾರ! ಮೇಲಿನ ತೂಕಕ್ಕೆ ಟ್ಯಾಂಕು ಬಾಯಿ ಬಿಡ್ತಾ ಇದೆ. ಮೊದಲು ಇಳಿಸಿ.” ಬೀದಿಯ ಆರು ಮಂದಿ ಏದುಸಿರು ಬಿಡುತ್ತ ಕಪಾಟನ್ನು ಇಳಿಸಿದರು. ತೊಟ್ಟು ಬಿತ್ತು. ಮೂರು ಗಂಟೆಯಾಯಿತು.

“ಬೇರೆ ಗಾಡಿ ಕರೆಸೋಣ್ವಾ ಅಣ್ಣಾ?” ಎಂದ ಟೈಲರ್.

“ಇವತ್ತು ಸೋತರೆ ಈ ಗಾಡಿ ನಾಳೆಯಿಂದ ನನ್ನ ಮಾತು ಕೇಳುತ್ತಾ?” ಗಾಡಿಯ ಕೆಳಗೇ ಎದ್ದು ಕೂರಲು ಹೋದ ಬಡಗಿ ತಲೆಯನ್ನು ಚಾಸಿಯ ಕಬ್ಬಿಣದ ಚೌಕಟ್ಟಿಗೆ ಬಡಿದುಕೊಂಡ. “ಸುಮ್ನಿರು. ಎಂಜಿನ್ ಆರಿಸಿದ್ರೆ ತೊಟ್ಟು ನಿಲ್ಲುತ್ತೆ, ಗಮನಿಸಿದ್ಯಾ? ತೂತಿದ್ದಿದ್ರೆ ಯಾವಾಗಲೂ ಸೋರಬೇಕಿತ್ತು. ನಿನ್ನ ಸೀಮೆಸುಣ್ಣ ಕೊಡು, ಬಟ್ಟೆಗೆ ಗುರುತು ಹಾಕೋದು. ಇದ್ದಷ್ಟೂ ಪುಡಿ ಮಾಡು.”

ಗಾಡಿಯ ಹೊಟ್ಟೆಯನ್ನೆಲ್ಲ ಒರೆಸಿ, ಒಣಗಿಸಿ, ಉದ್ದಕ್ಕೂ ಬಿಳಿ ಪುಡಿ ಹಚ್ಚಿದರು. ಎಂಜಿನ್ನು ಹಚ್ಚಿ ಮೂವರೂ ನೆಲಕ್ಕೆ ಕೆನ್ನೆಯಿಟ್ಟು ನೋಡುತ್ತ ಮಲಗಿದರು. ಎರಡು ನಿಮಿಷ, ಮೂರು ನಿಮಿಷ. ಬಿಳಿಯ ಮೇಲೆ ಒದ್ದೆಯ ಗೆರೆಯೊಂದು ಮೂಡಿತು. ಮುಂದಿನಿಂದಲ್ಲ, ಹಿಂದಿನಿಂದ! ತುಂಬಿದ ಹಿಂದಿನ ಟ್ಯಾಂಕಿನ ಮುಚ್ಚಳದಂಚಿನಿಂದ ಇಳಿದು, ಇಳಿಜಾರಿನಲ್ಲಿ ಚಾಸಿಯ ಮೇಲೆ ನಿಧಾನವಾಗಿ ಹರಿದು, ಮುಂದಿನ ಟ್ಯಾಂಕಿನ ಕೆಳಗೆ ಬಂದು ತೊಟ್ಟಿಕ್ಕಿತು.

“ಹಿಂದಿನದನ್ನ ನೀನು ಮುಟ್ಟೇ ಇಲ್ವಲ್ಲಯ್ಯಾ! ಅದು ಹೇಗೆ ಉಕ್ಕುತ್ತೆ?” ಮೇಷ್ಟ್ರ ಕನ್ನಡಕ ಹಣೆಗೇರಿತು.

ಕಿಟಕಿಯಲ್ಲಿ ಕೂತು ಬೆಳಗಿನಿಂದ ಎಲ್ಲವನ್ನೂ ನೋಡುತ್ತಿದ್ದ ಬಡಗಿಯ ಸೋದರತ್ತೆ ಆಗ ಬಾಯಿಬಿಟ್ಟಳು. “ಒಂದು ಕೊಡದಲ್ಲಿ ಮೊಗೆದು, ಕುಡಿದು ಮಿಕ್ಕಿದ್ದನ್ನ ಇನ್ನೊಂದು ಕೊಡಕ್ಕೆ ಹುಯ್ತಾ ಇದೆ ಕಣೋ ನಿನ್ನ ಗಾಡಿ. ಆ ಕೊಡ ಮೊದಲೇ ತುಂಬಿದ್ರೆ ಉಕ್ಕದೆ ಇನ್ನೇನು?”

ಬಡಗಿ ತೊಡೆ ತಟ್ಟಿದ. ಎಂಜಿನ್ನು ಬೇಕಾದ್ದಕ್ಕಿಂತ ಹೆಚ್ಚು ತರಿಸಿಕೊಂಡು, ಮಿಕ್ಕಿದ್ದನ್ನು ಬೇರೆ ಪೈಪಿನಲ್ಲಿ ವಾಪಸು ಕಳಿಸುತ್ತದೆ. ಬಂದ ಟ್ಯಾಂಕಿಗೇ ಅದನ್ನು ತಿರುಗಿಸಬೇಕಾದ ವಾಲ್ವು ಹಿಂದಿನ ಟ್ಯಾಂಕಿನ ಕಡೆಗೇ ಕಚ್ಚಿಕೊಂಡು ಕೂತಿತ್ತು.

“ಹಾಗಾದ್ರೆ ಹಿಂದಿನದರಿಂದಲೇ ಕುಡಿಸ್ತೀನಿ. ಅಲ್ಲಿಂದಲೇ ತಗೊಂಡು ಅಲ್ಲಿಗೇ ಹಾಕ್ಲಿ!” ಎಂದು ಬಡಗಿ ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ ಗುಂಡಿ ಒತ್ತಿದ.

ಒರೆಸಿದರು. ಕಾದರು. ಐದು ನಿಮಿಷ, ಹತ್ತು ನಿಮಿಷ. ನೆಲ ಒಣಗಿತ್ತು. ಟೈಲರ್ ಮೇಷ್ಟ್ರನ್ನು ತಬ್ಬಿಕೊಂಡ. “ನಾನು ಹೇಳ್ಲಿಲ್ವಾ, ಹಿಂದೇನೋ ಇದೆ ಅಂತ?” ಎಂದರು ಮೇಷ್ಟ್ರು. ಯಾರೂ ತಕರಾರು ತೆಗೆಯಲಿಲ್ಲ.

“ಹೊತ್ತಾಯ್ತು, ಹೊರಡು ಹೊರಡು!” ಎಂದು ಬೀದಿಯೇ ಕೂಗಿತು. ನಾಲ್ಕೂಕಾಲಿಗೆ ಪಿಕಪ್ಪು ಚಪ್ಪಾಳೆಯ ನಡುವೆ ಹೊರಟಿತು. ಹರೆಯದ ಹುಡುಗಿಯಂತೆ ಹಗುರಾಗಿ ಓಡಿತು. ಒಂದು ವಾಲ್ವಿನ ಗುಟ್ಟು ತಿಳಿದರೆ ಎಂಜಿನ್ನಿಗೆ ಎಷ್ಟು ಶಕ್ತಿ ಬರುತ್ತದಲ್ಲ ಎಂದು ಬಡಗಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕೈಮುಗಿದ.

ಐದಕ್ಕೆ ಹತ್ತು ನಿಮಿಷವಿರುವಾಗ ಗೇಟು ಮುಟ್ಟಿದ. ಕಾವಲುಗಾರ ಸುಲಭದ ಆಸಾಮಿಯಲ್ಲ. ಗಾಡಿಯ ಕೆಳಗೆ ಹಳೆಯ ಪತ್ರಿಕೆ ಹಾಸಿದ, ಎಂಜಿನ್ನು ಆರಿಸಬೇಡಿ ಎಂದ, ಟಾರ್ಚು ಹಿಡಿದು ಮಲಗಿ ಮೂತಿಯಿಂದ ಬಾಲದವರೆಗೆ ನೋಡಿದ. ಪತ್ರಿಕೆ ಒದ್ದೆಯಾಗಲಿಲ್ಲ.

“ಶಹಭಾಸ್ ಕಣ್ರೀ! ಯಾವ ಮೆಕ್ಯಾನಿಕ್ ಹತ್ರ ಹೋಗಿದ್ರಿ?”

“ಮೆಕ್ಯಾನಿಕ್ ಯಾಕೆ? ರೋಗದ ಮೂಲ ಹಿಡೀಬೇಕು. ಎಲ್ಲರೂ ತೊಟ್ಟು ಬೀಳೋ ಕಡೆ ನೋಡ್ತಾರೆ. ನಾನು ಹೊರಡೋ ಕಡೆ ನೋಡಿದೆ.” ಬಡಗಿ ಬಾಗಿಲಿಗೆ ಮೊಣಕೈಯೂರಿ, ಎರಡು ಕೊಡದ ದೃಷ್ಟಾಂತವನ್ನು ತನ್ನದೇ ಎಂಬಂತೆ ಪೂರ್ತಿಯಾಗಿ ವಿವರಿಸಿದ.

ಕಾವಲುಗಾರ ತಲೆದೂಗಿ ಗೇಟು ತೆರೆದ. ಪುಸ್ತಕ ಬಿಚ್ಚಿ ಪೆನ್ನು ಹಿಡಿದ. “ಗಾಡಿ ನಂಬರ್ ಆಯ್ತು. ಸೋರಿಕೆ ಇಲ್ಲ. ಸಾಮಾನು ಏನಂತ ಬರೀಲಿ?”

“ಕಪಾಟು ಅಂತ ಬರೀರಿ. ತೇಗದ್ದು.” ಬಡಗಿ ತಿರುಗದೆಯೇ ಹೆಬ್ಬೆರಳಿನಲ್ಲಿ ಹಿಂದಕ್ಕೆ ತೋರಿಸಿದ.

ಕಾವಲುಗಾರ ಗಾಡಿಯ ಹಿಂಭಾಗ ನೋಡಿದ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದ. ಬೆಳಗಿನಿಂದ ಬೀದಿಗೆ ಬೀದಿಯೇ ಗಾಡಿಯ ಕೆಳಗೆ ನೋಡಿತ್ತು. ಮೇಲೆ ನೋಡಿದ ಮೊದಲ ಮನುಷ್ಯ ಅವನೇ.

ಲೈಬ್ರರಿಯೊಳಗೆ ಐದರ ಗಂಟೆ ಹೊಡೆಯತೊಡಗಿತು. ಕಾವಲುಗಾರ ನ್ಯಾಯವಂತ. ಇನ್ನೊಮ್ಮೆ ಟಾರ್ಚು ಹಚ್ಚಿ, ಮಂಡಿಯೂರಿ ಬಗ್ಗಿ ನೋಡಿ ಎದ್ದ.

“ಕೆಳಗೂ ಇಲ್ವಲ್ರೀ.”