ನೀರಿನಲ್ಲಿ ಕೂತ ಚನ್ನಪ್ಪನವರು

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯುವುದು ಸಹಜ ಎಂದು ನನ್ನ ಹೆಂಡತಿ ಸುಮಾ ಮೊದಮೊದಲು ನೆಂಟರಿಗೆ ಸಮಾಧಾನದಿಂದಲೇ ಹೇಳುತ್ತಿದ್ದಳು. ಕೆಲವರು ತಾರಸಿಯ ಮೇಲೆ ಟೊಮ್ಯಾಟೊ ಬೆಳೆಯುತ್ತಾರೆ, ಕೆಲವರು ಸೈಕಲ್ಲು ತುಳಿದು ನಂದಿಬೆಟ್ಟಕ್ಕೆ ಹೋಗಿ ಫೋಟೊ ಹಾಕುತ್ತಾರೆ. ನಾನು ಕಾಗದ ಮಾಡುತ್ತೇನೆ. ವೈಟ್‌ಫೀಲ್ಡಿನ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಕೂತು, ಒಂದು ಬದಿ ಮಾತ್ರ ಅಚ್ಚಾದ ಹಾಳೆಗಳು ರಾಶಿರಾಶಿಯಾಗಿ ಕಸದ ಬುಟ್ಟಿಗೆ ಹೋಗುವುದನ್ನು ನೋಡಿ ನೋಡಿ, ಒಂದು ದಿನ ಸಾಹೇಬರನ್ನು ಕೇಳಿ ಒಂದು ಚೀಲ ಮನೆಗೆ ತಂದೆ. ಅಲ್ಲಿಗೆ ನಮ್ಮ ಮನೆಯ ನೆಮ್ಮದಿ ಮುಗಿಯಿತು.

ಕೆಲಸ ಹೇಳುವುದಕ್ಕೆ ಸುಲಭ. ಕಾಗದವನ್ನು ಚೂರು ಮಾಡಿ ಬಕೆಟ್ಟಿನಲ್ಲಿ ನೆನೆಹಾಕಬೇಕು, ಮಿಕ್ಸಿಯಲ್ಲಿ ರುಬ್ಬಬೇಕು, ರುಬ್ಬಿದ್ದನ್ನು ಗಂಜಿಯ ಜೊತೆ ಟಬ್ಬಿನ ನೀರಿಗೆ ಕದಡಿ ಸೊಳ್ಳೆ ಜಾಲರಿ ಬಿಗಿದ ಚೌಕಟ್ಟಿನಲ್ಲಿ ಎತ್ತಿ, ಹಳೆಯ ಪಂಚೆಯ ಮೇಲೆ ಬೋರಲು ಹಾಕಿ ಬಿಸಿಲಿಗೆ ಒಣಗಿಸಬೇಕು. ಒಣಗಿದ ಹಾಳೆಗಳನ್ನು ಮಡಚಿ ದಬ್ಬಳದಲ್ಲಿ ಹೊಲಿದರೆ ನೋಟ್‌ಬುಕ್ಕು. ಮಿಕ್ಸಿಯ ವಿಷಯದಲ್ಲಿ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ. ಈಗ ನಮ್ಮಲ್ಲಿ ಎರಡು ಮಿಕ್ಸಿಗಳಿವೆ ಎಂದಷ್ಟೇ ಹೇಳುತ್ತೇನೆ. ಮೊದಲ ಹಾಳೆಗಳು ಹಪ್ಪಳದಷ್ಟು ದಪ್ಪ ಬಂದವು. ಅವುಗಳ ಮೇಲೆ ಪೆನ್ನು ಇಟ್ಟರೆ ಗುಂಡಿ ಬಿದ್ದ ರಸ್ತೆಯ ಆಟೋದಂತೆ ಕುಣಿಯುತ್ತಿತ್ತು. ಆದರೂ ಹೊಲಿದು ಆಫೀಸಿನವರಿಗೆ, ನೆಂಟರಿಗೆ ಹಂಚಿದೆ. ಎಲ್ಲರೂ ತಿರುಗಿಸಿ ನೋಡಿ, ಮೂಸಿ ನೋಡಿ, ಇದರಲ್ಲಿ ಬರೆಯೋಕೆ ಮನಸ್ಸೇ ಬರಲ್ಲ ಎಂದು ಹೊಗಳಿ ಒಳಗಿಟ್ಟರು. ಇವತ್ತಿನವರೆಗೂ ಯಾರಿಗೂ ಮನಸ್ಸು ಬಂದಿಲ್ಲ.

ಈ ಹುಚ್ಚನ್ನು ಎದುರೆದುರೇ ವಿರೋಧಿಸಿದವರು ಒಬ್ಬರೇ, ನಮ್ಮ ಮನೆ ಓನರ್ ಚನ್ನಪ್ಪನವರು. ನಾವಿರುವ ಹೂಡಿ ಇನ್ನೂ ಹಳ್ಳಿಯಾಗಿದ್ದಾಗ ತಾವು ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಅವರು ಕಟ್ಟಿಸಿದ ಕಟ್ಟಡ ಇದು. ಕೆಳಗೆ ಅವರು, ಮೇಲೆ ನಾವು. ಬೋರ್‌ವೆಲ್ ಬತ್ತಿ ಬೀದಿಗೆ ಬೀದಿಯೇ ಟ್ಯಾಂಕರಿಗೆ ಕಾಯುವಾಗ ಕಾಗದಕ್ಕೆ ನೀರು ಸುರಿಯುವವನನ್ನು ಯಾವ ಓನರ್ ತಾನೇ ಸಹಿಸಿಯಾನು? ತಾರಸಿಯಲ್ಲಿ ನೀರಿನ ಸದ್ದು ಕೇಳಿದರೆ ಸಾಕು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುವರು. "ಜನಕ್ಕೆ ಕುಡ್ಯಾಕೆ ನೀರಿಲ್ಲ, ನೀವು ಕಾಗ್ದಕ್ಕೆ ಸ್ನಾನ ಮಾಡಿಸ್ತಾ ಇದ್ದೀರಲ್ಲ ಸಾರ್" ಎನ್ನುವರು. ಇದು ಬಟ್ಟೆ ಜಾಲಿಸಿದ ನೀರು, ಅಕ್ಕಿ ತೊಳೆದ ನೀರು ಎಂದು ನಾನು ವಾದಿಸುವೆ. ಅಲ್ಲಿಂದ ಮಾತು ಪಾರ್ಕಿಂಗಿಗೆ, ಗೇಟಿನ ಬೀಗಕ್ಕೆ, ನಮ್ಮ ಮನೆಗೆ ಬರುವ ನೆಂಟರ ಸಂಖ್ಯೆಗೆ ಹರಿಯುವುದು. ಇಬ್ಬರೂ ಸೋಲುವ ಪೈಕಿ ಅಲ್ಲ. ಸುಮಾ ತಂದಿಟ್ಟ ಕಾಫಿ ಕುಡಿದು, ಉಳಿದ ಜಗಳವನ್ನು ನಾಳೆಗೆ ಇಟ್ಟು ಅವರು ಇಳಿದು ಹೋಗುವರು.

ಹೋದ ಬೇಸಿಗೆಯಲ್ಲಿ ಚನ್ನಪ್ಪನವರು ತೀರಿಹೋದರು. ಎದೆನೋವೆಂದು ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ತಿಥಿಯ ಊಟವೂ ಆಯಿತು. ಆಮೇಲೊಂದು ಮಧ್ಯಾಹ್ನ ಅವರ ಹೆಂಡತಿ ಜಯಮ್ಮನವರು ಬಟ್ಟೆಯ ಚೀಲವೊಂದನ್ನು ಹಿಡಿದು ಬಂದು ನಮ್ಮ ಬಾಗಿಲ ಹೊರಗೇ ನಿಂತರು. ಚೀಲದ ತುಂಬ ಹಂಚಿ ಮಿಕ್ಕ ತಿಥಿ ಕಾರ್ಡುಗಳು. ಮಗ ಧಾರಾಳವಾಗಿ ಅಚ್ಚು ಹಾಕಿಸಿದ್ದ. ಒಂದೊಂದರ ಮೇಲೂ ಪೇಟ ಕಟ್ಟಿಕೊಂಡು ನಗುವ ಚನ್ನಪ್ಪನವರು. ತಿಥಿ ಕಾರ್ಡನ್ನು ಮನೆಯೊಳಗೆ ಇಟ್ಟುಕೊಳ್ಳುವ ಹಾಗಿಲ್ಲ. ಗಂಡನ ಮುಖವನ್ನು ಕಸದ ಗಾಡಿಗೆ ಸುರಿಯಲು ಆಕೆಗೆ ಮನಸ್ಸಿಲ್ಲ. ಸುಟ್ಟುಬಿಡು ಎಂದು ಮಗ ಹೇಳಿದನಂತೆ. "ಒಂದ್ಸಲ ಸುಟ್ಟಿದ್ದೀವಲ್ಲ ಸಾರ್, ಸಾಲ್ದಾ" ಎಂದರು. ಆಮೇಲೆ ಚೀಲವನ್ನು ನನ್ನ ಕಡೆ ನೀಡಿ, "ನಿಮ್ ಕಾಗ್ದದ ಜೊತೆ ಇವ್ರನ್ನೂ ಸೇರಿಸ್ಕಳಿ" ಎಂದರು. ನಾನು ಚೀಲವನ್ನು ಇಸಿದುಕೊಂಡೆ.

ಲಗ್ನಪತ್ರಿಕೆ, ಕ್ಯಾಲೆಂಡರು, ಆಫೀಸಿನ ವರದಿ ಯಾವುದನ್ನೂ ಲೆಕ್ಕಿಸದೆ ಹರಿದ ಕೈ ನನ್ನದು. ಆದರೆ ಈ ಕಾರ್ಡನ್ನು ಹಿಡಿದು ಕೂತರೆ ಎಲ್ಲಿಂದ ಹರಿಯುವುದೆಂದೇ ತಿಳಿಯಲಿಲ್ಲ. ಪೇಟದಿಂದಲೇ? ಗಲ್ಲದಿಂದಲೇ? ತಾನಾಗಿ ಕರಗಲಿ ಎಂದು ಎಲ್ಲವನ್ನೂ ಇಡಿಯಾಗಿ ಬಚ್ಚಲಿನ ಬಕೆಟ್ಟಿಗೆ ಹಾಕಿದೆ. ಹೊಳಪಿನ ಕಾರ್ಡು, ಕರಗುವ ಜಾತಿಯದಲ್ಲ. ಮರುದಿನ ಬಚ್ಚಲಿಗೆ ಹೋದ ಸುಮಾ ಹೋದ ಹಾಗೇ ಹೊರಗೆ ಬಂದು, "ಓನರ್ ನೋಡ್ತಾ ಇದ್ದಾರೆ ಕಣ್ರೀ, ನಾನು ಹೇಗೆ ಸ್ನಾನ ಮಾಡ್ಲಿ" ಎಂದಳು. ಬಕೆಟ್ಟನ್ನು ತಾರಸಿಗೆ ಸಾಗಿಸಿದೆ. ಬಿಸಿಲು ಎಂದು ಮುಚ್ಚಳ ಮುಚ್ಚಿದೆ. ಮುಚ್ಚಿದ ಮೇಲೆ ನನಗೇ ಉಸಿರುಕಟ್ಟಿದ ಹಾಗಾಗಿ, ಅರ್ಧ ಮೆಟ್ಟಿಲು ಇಳಿದವನು ವಾಪಸು ಹೋಗಿ ತೆಗೆದೆ. ಕಾರ್ಖಾನೆಯಲ್ಲಿ ಎಂಥೆಂಥ ಮಾಲಿಗೂ ಕಣ್ಣು ಮಿಟುಕಿಸದೆ ರಿಜೆಕ್ಟ್ ಸೀಲು ಒತ್ತುವ ನಾನು, ದಿನಾ ಬೆಳಿಗ್ಗೆ ಬಕೆಟ್ಟಿನಲ್ಲಿ ಇಣುಕಿ, ಹಳೆ ನೀರು ಚೆಲ್ಲಿ, ಹೊಸ ನೀರು ತುಂಬಿ ಕೆಳಗಿಳಿಯುತ್ತಿದ್ದೆ. ಯಾಕೆ ಇಷ್ಟು ನೀರು ಎಂದು ಕೇಳಲು ಯಾರೂ ಮೆಟ್ಟಿಲು ಹತ್ತಿ ಬರುತ್ತಿರಲಿಲ್ಲ.

ಒಣಮೆಣಸಿನಕಾಯಿ ಹರವಲು ತಾರಸಿಗೆ ಬಂದ ಜಯಮ್ಮನವರು ಬಕೆಟ್ಟನ್ನು ನೋಡಿಬಿಟ್ಟರು. ಆಫೀಸಿನಲ್ಲಿ ಕೆಲಸ ಜಾಸ್ತಿ, ಪುರುಸೊತ್ತಿಲ್ಲ ಎಂದು ನಾನು ಏನೇನೋ ಹೇಳಿದೆ. ಅದನ್ನು ಕಿವಿಗೆ ಹಾಕಿಕೊಳ್ಳದೆ ಅವರು ಬಕೆಟ್ಟಿನ ಪಕ್ಕ ಕೂತು, ಒಂದು ಕಾರ್ಡನ್ನು ಎತ್ತಿ ಸೆರಗಿನಿಂದ ಒರೆಸಿದರು. "ಸಾಕು ಎದ್ದೇಳಿ. ಎಷ್ಟು ದಿನ ನೀರಾಗೆ ಕೂತಿರ್ತೀರ, ಸೀತ ಆಯ್ತದೆ" ಎಂದು ಅದಕ್ಕೆ ಹೇಳಿ, ಉದ್ದಕ್ಕೆ ಹರಿದರು. ಆಮೇಲೆ ಇನ್ನೊಂದು, ಮತ್ತೊಂದು. ಅಳುತ್ತಲೇ ಹರಿಯುತ್ತಿದ್ದರು, ನಿಲ್ಲಿಸಲಿಲ್ಲ. ನನ್ನ ಮುಂದೆಯೂ ಒಂದಷ್ಟು ತಳ್ಳಿದರು. ಆಕೆ ಹರಿಯುವಾಗ ನಾನು ನೋಡುತ್ತಾ ನಿಲ್ಲುವುದು ಹೇಗೆ? ಕೂತು ಹರಿದೆ. ನನಗೂ ಅಳು ಬಂತು. ಅದನ್ನು ಮೆಣಸಿನಕಾಯಿಯ ಘಾಟಿನ ಮೇಲೆ ಹಾಕಿದೆ.

ಚೀಲ ತುಂಬಿದ್ದ ಕಾರ್ಡುಗಳಿಂದ ಕೊನೆಗೆ ಬಂದದ್ದು ಒಂದೇ ಒಂದು ತೆಳ್ಳನೆಯ ನೋಟ್‌ಬುಕ್ಕು. ಹೊಳಪಿನ ಪೊರೆ ಸುಲಿದು ತೆಗೆದ ಮೇಲೆ ಉಳಿದದ್ದೇ ಅಷ್ಟು. ಬೂದು ಬಣ್ಣ, ಅಲ್ಲಲ್ಲಿ ಕಪ್ಪು ಚುಕ್ಕೆ. ಮೀಸೆಗೆ ಹಚ್ಚುತ್ತಿದ್ದ ಬಣ್ಣ ಇರಬೇಕು ಎಂದು ಜಯಮ್ಮನವರು ಅಷ್ಟು ದಿನದ ಮೇಲೆ ಮೊದಲ ಸಲ ನಕ್ಕರು. ತಟ್ಟೆಯಲ್ಲಿಟ್ಟು ಕೊಟ್ಟೆ. ಕಣ್ಣಿಗೊತ್ತಿಕೊಂಡು, ಸ್ವಲ್ಪ ಹೊತ್ತು ಸವರಿ, ನನ್ನ ಕೈಗೇ ವಾಪಸು ಕೊಟ್ಟರು.

"ನೀವೇ ಮಡಿಕ್ಕಳಿ ಸಾರ್. ಹೊಲ ಹೋದ ಮ್ಯಾಕೆ ಅವ್ರು ಯಾರ ತಾವೂ ಮಾತಾಡ್ತಿರ್ಲಿಲ್ಲ. ನಿಮ್ ತಾವ ಜಗಳ ಆಡಾಕೆ ಅಂತ್ಲೇ ಮೆಟ್ಲು ಹತ್ತೋರು. ಇಳ್ದು ಬಂದು ಎರಡು ಮುದ್ದೆ ಉಣ್ಣೋರು. ಇನ್ ಮ್ಯಾಕೆ ನಿಮ್ ಜಗಳ ಇದ್ರಾಗೆ ಬರ್ಕಳಿ."

ಅವರು ನೀರು ಉಳಿಸಲು ಬರುತ್ತಿದ್ದಾರೆಂದೇ ನಾನು ತಿಳಿದಿದ್ದೆ. ಈಗ ಕಟ್ಟಡ ನೋಡಿಕೊಳ್ಳುವವನು ಮಗ. ಒಳ್ಳೆಯ ಹುಡುಗ. ನಲ್ಲಿ ಸೋರುತ್ತಿದೆ ಎಂದು ವಾಟ್ಸಾಪಿನಲ್ಲಿ ಹಾಕಿದರೆ ಹೆಬ್ಬೆರಳು ತೋರಿಸಿ, ಸಂಜೆಯೊಳಗೆ ಪ್ಲಂಬರನ್ನು ಕಳಿಸುತ್ತಾನೆ. ಇಂಥವನ ಜೊತೆ ಮನುಷ್ಯ ಹೇಗೆ ಜಗಳ ಆಡಬೇಕು? ನನ್ನ ದಿನಗಳು ಸಪ್ಪೆಯಾಗಿಬಿಟ್ಟಿವೆ.

ಹೋದ ಭಾನುವಾರ ತಾರಸಿಯ ಮೇಲೆ ಕೂತು, ಆ ನೋಟ್‌ಬುಕ್ಕು ತೆರೆದು, ಇಂಕ್ ಪೆನ್ನಿನಲ್ಲಿ ಬರೆಯಲು ಶುರುಮಾಡಿದೆ. ಚನ್ನಪ್ಪನವರೇ, ಮೆಟ್ಟಿಲಿನ ಬಲ್ಬು ಹೋಗಿ ಎಷ್ಟು ದಿನ ಆಯಿತು, ನಿಮಗೆ ಗಮನವೇ ಇಲ್ಲ ಎಂದು ದೊಡ್ಡ ಅಕ್ಷರದಲ್ಲೇ ಬರೆದೆ. ವಾಕ್ಯ ಮುಗಿಯುವಷ್ಟರಲ್ಲಿ ಶಾಯಿ ನಾಲ್ಕೂ ಕಡೆ ಹರಡಿ, ಒಂದಕ್ಷರವೂ ಓದಲಾಗದ ಹಾಗೆ ಪುಟವೆಲ್ಲ ನೀಲಿಯಾಯಿತು. ಕಾಗದಕ್ಕೆ ಹಾಕುವ ಗಂಜಿ ಸಾಲದಿದ್ದರೆ ಹೀಗಾಗುತ್ತದೆ. ಇದಕ್ಕೂ ಅವರನ್ನೇ ದೂರೋಣವೆಂದರೆ ಗಂಜಿ ಕಾಯಿಸಿದವನು ನಾನು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, "ತಪ್ಪು ನನ್ನದೇ ಬಿಡಿ" ಎಂದು ಗಟ್ಟಿಯಾಗಿ ಹೇಳಿದೆ. ಚನ್ನಪ್ಪನವರ ಜೊತೆಗಿನ ಜಗಳದಲ್ಲಿ ನಾನು ಸೋತದ್ದು ಅದೇ ಮೊದಲು.