ಅಜ್ಜಿ ಮನೆ ನಕ್ಷೆಗೆ ಬಂದದ್ದು

ನಮ್ಮ ಕೆಲ್ಸದಲ್ಲಿ ಯಾರೂ ಬೇಕು ಅಂತ ಸುಳ್ಳು ಹೇಳಲ್ಲ, ಆದ್ರೂ ವಾರಕ್ಕೊಂದು ಊರು ಎದ್ದು ಹೋಗಿ ಬೇರೆ ಕಡೆ ಕೂತಿರುತ್ತೆ. ನಾನು ಹಾಸನದಲ್ಲಿ ಒಂದು ಸಣ್ಣ ಖಾಸಗಿ ಆಫೀಸಲ್ಲಿ ನಕ್ಷೆ ಮಾಡೋಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಕು ಕಡೆ ನಾಕು ಸರ್ವೆ ಟೀಮು, ಅವರು ಕಳಿಸಿದ್ದನ್ನೆಲ್ಲ ಸೇರಿಸಿ ಒಂದೇ ನಕ್ಷೆ ಮಾಡ್ಬೇಕು. ಯಾಕೆ ಅಂದ್ರೆ ಡ್ಯಾಮಿಂದ ಹೊಳೆಗೆ ನೀರು ಬಿಟ್ಟಾಗ ದಡದ ಮನೆಯವರನ್ನ ಕರ್ಕೊಂಡು ಬರೋ ಹುಡುಗರು ಆ ನಕ್ಷೆ ನೋಡ್ಕೊಂಡೇ ಟ್ರ್ಯಾಕ್ಟರ್ ಓಡಿಸ್ತಾರೆ.

ಹೋದ ಮಳೆಗಾಲದಲ್ಲಿ ಹೊಳೆನರಸೀಪುರದ ಕೆಳಗಿನ ಒಂದೂರಲ್ಲಿ ಒಬ್ಬ ಅಜ್ಜಿ ಮನೆಗೆ ಟ್ರ್ಯಾಕ್ಟರ್ ಬರಲೇ ಇಲ್ಲ. ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಮೇಕೆ ತಬ್ಕೊಂಡು ಅಟ್ಟದ ಮೇಲೆ ಕೂತಿದ್ರಂತೆ, ಕೊನೆಗೆ ಅಳಿಯ ಎದೆಮಟ್ಟ ನೀರಲ್ಲಿ ನಡ್ಕೊಂಡು ಬಂದು ಇಳಿಸಿದ್ನಂತೆ. ನಕ್ಷೇಲಿ ಮನೆ ಇತ್ತು, ಆದ್ರೂ ಯಾಕೆ ಬರ್ಲಿಲ್ಲ ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಸಾರ್ ಈ ವರ್ಷ ಅದನ್ನ ಪತ್ತೆ ಮಾಡು ಅಂತ ನನ್ನ ಕಳಿಸಿದ್ರು. ಅಜ್ಜಿ ಮಜ್ಜಿಗೆ ಕೊಟ್ಟು ಒಂದೇ ಮಾತು ಕೇಳಿದ್ರು: "ಈ ಸಲ ನೀರು ಬಂದ್ರೆ ಬತ್ತಾರಾ ಬರಲ್ವಾ ಕಣವ್ವ? ಅಷ್ಟು ಯೋಳು ಸಾಕು." ನಾನು ಬರ್ತಾರಜ್ಜಿ ಅಂದ್ಬಿಟ್ಟೆ. ಅಂದಮೇಲೆ ಆಫೀಸಿಗೆ ಬಂದು ಫೈಲು ತೆಗೆದೆ. ಮೊದಲು ಫೈಲು ತೆಗೆದು ಆಮೇಲೆ ಮಾತು ಕೊಡ್ಬೇಕಿತ್ತು.

೧. ಹೆಬ್ಬೆರಳಿನ ಕೆಳಗಿನ ಊರು

ಅರಕಲಗೂಡಿನ ಟೀಮಿನವರಿಗೆ ನಿಮ್ಮ ನಕ್ಷೆ ಕಳಿಸಿ ಅಂದೆ. ಕಳಿಸಿದ್ರು. ಗೋಡೆ ಮೇಲಿದ್ದ ನಕ್ಷೇನ ಮೊಬೈಲಲ್ಲಿ ಫೋಟೋ ಹೊಡೆದು ವಾಟ್ಸಾಪಲ್ಲಿ, ಜೊತೆಗೊಂದು ಗುಡ್ ಮಾರ್ನಿಂಗ್ ಹೂವು. ಫೋಟೋದ ಮೂಲೇಲಿ ತೆಗೆದವರ ಹೆಬ್ಬೆರಳು.

ಫೋನ್ ಮಾಡ್ದೆ. "ಅಣ್ಣ, ನಿಮ್ಮ ಬೆರಳಿನ ಕೆಳಗೆ ಒಂದೂರಿದೆ."

"ಅದು ಸಣ್ಣೂರು ಬಿಡಿ ಮೇಡಂ."

"ಸಣ್ಣೂರಿಗೂ ನೀರು ಬರುತ್ತಲ್ಲಣ್ಣ."

ಐದು ನಿಮಿಷದಲ್ಲಿ ಇನ್ನೊಂದು ಫೋಟೋ ಬಂತು. ಬೆರಳು ಈ ಕಡೆ ಮೂಲೆಗೆ ಬಂದಿತ್ತು, ಅಲ್ಲೂ ಒಂದೂರು. ನಾನು ಫೋಟೋ ಬೇಡ, ಫೈಲು ಬೇಕು, ಯಾರ ಕಂಪ್ಯೂಟರಲ್ಲಿ ತೆಗೆದ್ರೂ ಒಂದೇ ಥರ ತೆರೆದುಕೊಳ್ಳೋ ಫೈಲು, ಅದಕ್ಕೆ ಎಲ್ಲರೂ ಒಪ್ಕೊಂಡಿರೋ ಒಂದು ಕ್ರಮ ಇದೆ, ಓಪನ್ ಸ್ಟ್ಯಾಂಡರ್ಡ್ ಅಂತಾರೆ, ಅದಕ್ಕೆ ಯಾವ ಕಂಪನಿ ಅಪ್ಪಣೆನೂ ಬೇಡ, ಯಾವ ಪಾಸ್‌ವರ್ಡೂ ಬೇಡ ಅಂತ ಒಂದೇ ಉಸಿರಲ್ಲಿ ಹೇಳ್ದೆ. ಅವರು ಪೂರ್ತಿ ಕೇಳಿಸ್ಕೊಂಡು ನಿಧಾನಕ್ಕೆ ಅಂದ್ರು: "ಅಷ್ಟೆಲ್ಲ ಯಾಕೆ ಮೇಡಂ, ಬೆರಳು ತೆಗೆದು ಇನ್ನೊಂದ್ ಸಲ ಹೊಡೀತೀನಿ."

೨. ತೆಂಗಿನ ತೋಟಕ್ಕೆ ಬೆಂಕಿ

ಉಪಗ್ರಹ ತೆಗೆದ ಚಿತ್ರದಲ್ಲಿ ಒಂದು ಪದ್ಧತಿ ಇದೆ. ಗಿಡಮರ ಚೆನ್ನಾಗಿ ಬೆಳೆದಿದ್ರೆ ಅದು ಎದ್ದು ಕಾಣ್ಲಿ ಅಂತ ಕೆಂಪು ಬಣ್ಣ ಕೊಡ್ತಾರೆ. ಯಾವ ಬಣ್ಣಕ್ಕೆ ಏನರ್ಥ ಅಂತ ಒಂದು ವಿವರದ ಚೀಟಿ ಚಿತ್ರದ ಜೊತೆಗೇ ಹೋಗ್ಬೇಕು. ನಾನು ಅವಸರದಲ್ಲಿ ಚೀಟಿ ಬಿಟ್ಟು ಚಿತ್ರ ಮಾತ್ರ ಚನ್ನರಾಯಪಟ್ಟಣಕ್ಕೆ ಕಳಿಸ್ಬಿಟ್ಟೆ. ತಪ್ಪು ನಂದೇ.

ಹತ್ತು ನಿಮಿಷಕ್ಕೆ ಅಲ್ಲಿನ ಟೀಮಿನ ಮುಖ್ಯಸ್ಥರು ಫೋನ್ ಮಾಡಿದ್ರು, ದನಿ ಕುಸಿದು ಹೋಗಿತ್ತು. "ಏನಮ್ಮ, ಇಡೀ ತಾಲ್ಲೂಕೇ ಹತ್ಕೊಂಡು ಉರೀತಾ ಐತಲ್ಲಮ್ಮ."

"ಸಾರ್, ಅದು ಬೆಂಕಿ ಅಲ್ಲ, ತೆಂಗು."

"ತೆಂಗೇ ಕಣಮ್ಮ ಉರೀತಿರೋದು. ನಮ್ಮ ತ್ವಾಟಾನೂ ಕೆಂಪಗೈತೆ."

"ಸಾರ್, ಕೆಂಪಗಿದ್ರೆ ಆರೋಗ್ಯವಾಗಿದೆ ಅಂತ."

ಆ ಕಡೆ ಕಿಟಕಿ ತೆಗೆದ ಸದ್ದು ಕೇಳಿಸ್ತು. "ಉಂ, ಹಸುರಾಗೇ ಐತೆ," ಅಂದ್ರು. ಫೋನ್ ಇಡೋ ಮೊದಲು ಇನ್ನೂ ಒಂದು ಕೇಳಿದ್ರು: "ಪಕ್ಕದ ತ್ವಾಟದೋನ್ದು ನಮ್ದಕ್ಕಿಂತ ಕೆಂಪಗೈತಲ್ಲ, ಅವನು ಏನ್ ಗೊಬ್ರ ಆಕವ್ನೆ?"

೩. ಹಿಮದ ಸಮುದ್ರದಲ್ಲಿ ಹೊಳೆದಂಡೆ

ಭೂಮಿ ಮೇಲೆ ಒಂದು ಜಾಗ ಹೇಳೋಕೆ ಎರಡು ಅಂಕಿ ಸಾಕು, ಅಕ್ಷಾಂಶ ಮತ್ತೆ ರೇಖಾಂಶ. ಆದ್ರೆ ಯಾವುದು ಮೊದಲು ಅನ್ನೋದನ್ನ ಎಲ್ಲರೂ ಒಂದೇ ಥರ ಇಟ್ಕೋಬೇಕು. ಹೊಳೆನರಸೀಪುರದ ಪಟ್ಟಿ ಮಾಡಿದ್ದು ಸರ್ವೆಯಿಂದ ರಿಟೈರ್ ಆಗಿ ಈಗ ನಮ್ಮ ಜೊತೆ ಇರೋ ಒಬ್ಬರು ಹಿರಿಯರು. ಹೋದ ವರ್ಷದ ಪಟ್ಟೀನೇ ಈ ಸಲ ಹೊಸ ಫೈಲಿಗೆ ಇಳಿಸೋವಾಗ ಅವರು ಅಂಕಿ ತಿರುಗಿಸಿ ಬರೆದಿದ್ರು. ನಾನು ಫೈಲು ತೆಗೆದೆ, ಹೊಳೆನರಸೀಪುರ ಇರೋ ಜಾಗ ಖಾಲಿ. ಹುಡುಕ್ತಾ ಹೋದ್ರೆ ಎಲ್ಲಾ ಮನೆಗಳೂ ಉತ್ತರ ಧ್ರುವದ ಹತ್ತಿರ ಸಮುದ್ರದಲ್ಲಿ ತೇಲ್ತಾ ಇದ್ವು, ಅಜ್ಜಿ ಮನೆನೂ.

ಹಿರಿಯರನ್ನ ಕರೆದು ತೋರಿಸಿದೆ. ಕನ್ನಡಕ ಏರಿಸಿ ಬಹಳ ಗಂಭೀರವಾಗಿ ನೋಡಿದ್ರು.

"ಇದ್ಯಾವ ಹೋಬಳಿನಮ್ಮ?"

"ಹೋಬಳಿ ಅಲ್ಲ ಸಾರ್, ಹಿಮದ ಸಮುದ್ರ. ಅಂಕಿ ಹಿಂದುಮುಂದಾಗಿದೆ."

"ಮೂವತ್ತು ವರ್ಷ ಅಳತೆ ಚೈನು ಹಿಡಿದಿದೀನಿ ಕಣಮ್ಮ, ಒಂದು ಗುಂಟೆ ಆ ಕಡೆ ಈ ಕಡೆ ಆಗಿಲ್ಲ." ಆಮೇಲೆ ಇನ್ನೂ ಹತ್ತಿರ ಬಗ್ಗಿ ನೋಡಿ, ಸ್ವಲ್ಪ ಸಮಾಧಾನ ಆದಂಗೆ ಅಂದ್ರು: "ನೋಡು, ಊರೂರಿನ ನಡುವಿನ ಅಂತರ ಮಾತ್ರ ಸರಿಯಾಗೈತೆ."

೪. ಒಂದೇ ಚುಕ್ಕಿ

ಅಂಕಿ ತಿರುಗಿಸಿ ಸರಿ ಮಾಡ್ದೆ, ಮನೆಗಳೆಲ್ಲ ವಾಪಸ್ ಹೊಳೆನರಸೀಪುರಕ್ಕೆ ಬಂದ್ವು. ಆದ್ರೆ ಅಜ್ಜಿ ಊರಲ್ಲಿ ಒಂದೇ ಒಂದು ಚುಕ್ಕಿ. ಮನೆಗಳು ಕಳೆದು ಹೋದ್ವಾ ಅಂತ ಚುಕ್ಕಿ ಒತ್ತಿದೆ, ಊರಿನ ಮನೆಗಳೆಲ್ಲ ಅದರೊಳಗೇ ಇದ್ವು, ಒಂದರ ಮೇಲೊಂದು, ಇಡ್ಲಿ ತಟ್ಟೆ ಜೋಡಿಸಿಟ್ಟಂಗೆ. ಆ ಜಾಗ ಯಾವುದು ಅಂತ ನೋಡಿದ್ರೆ ರಸ್ತೆ ಪಕ್ಕದ ಟೀ ಹೋಟ್ಲು.

ಹಿರಿಯರನ್ನ ಮತ್ತೆ ಕೇಳ್ದೆ. ಅವರು ತಲೆ ತಗ್ಗಿಸ್ಲಿಲ್ಲ, ಆದ್ರೆ ದನಿ ತಗ್ಗಿಸಿದ್ರು. "ಊರಿಗೆ ಹೋದೆ ಕಣಮ್ಮ. ಬಿಸಿಲಲ್ಲಿ ಗದ್ದೆ ಬದು ಯಾಕೆ ತುಳೀತೀರಾ ಸಾ, ಇಲ್ಲೇ ಕುಂತ್ಕಳಿ, ಜನಾನೇ ಕರೆಸ್ತೀವಿ ಅಂದ್ರು. ಕುರ್ಚಿ ಆಕಿದ್ರು, ಎಳನೀರು ಕೊಟ್ರು. ಒಬ್ಬೊಬ್ರಾಗಿ ಬಂದ್ರು, ಹೆಸರು ಬರ್ಕಂಡೆ, ಮೊಬೈಲಲ್ಲಿ ಜಾಗ ಒತ್ತಿದೆ, ಅದು ನಾನು ಕುಂತಿದ್ ಜಾಗಾನೇ ಹಿಡ್ಕಂತು. ಬ್ಯಾಡ ಅಂದು ಎದ್ದೋದ್ರೆ ಮರ್ಯಾದೆ ಇರ್ತದಾ?"

ಆವಾಗ ನನಗೆ ಹೋದ ವರ್ಷದ್ದು ಅರ್ಥ ಆಯ್ತು. ಟ್ರ್ಯಾಕ್ಟರ್ ಹುಡುಗರಿಗೆ ಫೋನ್ ಮಾಡಿ ಕೇಳ್ದೆ, ಹೌದು ಅಂದ್ರು. ಟ್ರ್ಯಾಕ್ಟರ್ ಬಂದಿತ್ತು. ನಕ್ಷೇಲಿ ಇದ್ದಂಗೇ ಟೀ ಹೋಟ್ಲಿಗೆ ಬಂದಿತ್ತು. ಅಲ್ಲಿ ಊರ ಗಂಡಸರೆಲ್ಲ ಒಣಗಿದ ಬಟ್ಟೇಲಿ ಟೀ ಕುಡೀತಾ ಕೂತಿದ್ರು, ಹುಡುಗರು ಎಲ್ರೂ ಕ್ಷೇಮ ಅಂತ ಬರೆದು ತಾವೂ ಒಂದೊಂದು ಟೀ ಕುಡಿದು ವಾಪಸ್ ಹೋಗಿದ್ರು. ಅಜ್ಜಿ ಅಟ್ಟದ ಮೇಲಿದ್ರು.

ಹಿರಿಯರು ಅವತ್ತು ಊಟ ಮಾಡ್ಲಿಲ್ಲ. ಮಾರನೇ ದಿನ ನನಗಿಂತ ಮೊದಲೇ ಬಸ್ ಸ್ಟ್ಯಾಂಡಿಗೆ ಬಂದಿದ್ರು. ಇಬ್ರೂ ಬದು ಮೇಲೆ ನಡ್ಕೊಂಡು ಮನೆಮನೆಗೆ ಹೋದ್ವಿ. ಯಾರು, ಯಾವತ್ತು, ಎಲ್ಲಿ ನಿಂತು ಈ ಜಾಗ ಒತ್ತಿದ್ರು ಅಂತ ಪ್ರತಿ ಮನೆಗೂ ಬರೆದ್ವಿ. ಅದನ್ನ ಬರೆಯೋಕೂ ಆ ಓಪನ್ ಸ್ಟ್ಯಾಂಡರ್ಡಲ್ಲೇ ಕಾಲಂ ಇದೆ, ನಾವು ಯಾರೂ ತುಂಬ್ತಾ ಇರ್ಲಿಲ್ಲ. ಅಜ್ಜಿ ಅಂಗಳದಲ್ಲಿ ಹಿರಿಯರು ಚಪ್ಪಲಿ ಬಿಟ್ಟು ನಿಂತ್ಕೊಂಡು ಮೊಬೈಲ್ ಒತ್ತಿದ್ರು.

"ನಮ್ಮನೆ ಓದ್ಸಲ ನಕ್ಸೇಲಿ ಇರ್ಲಿಲ್ವಾ?" ಅಂದ್ರು ಅಜ್ಜಿ.

"ಇತ್ತಜ್ಜಿ. ನಕ್ಷೇಲಿ ನಿಮ್ಮನೆ ಟೀ ಹೋಟ್ಲಲ್ಲಿತ್ತು, ಅದಕ್ಕೇ ಟ್ರ್ಯಾಕ್ಟರಿನವರು ಅಲ್ಲಿಗೆ ಬಂದಿದ್ರು. ಆಫೀಸಿಗೆ ಹೋಗಿ ಸರಿ ಮಾಡ್ತೀನಿ."

ಅಜ್ಜಿ ಹೋಟ್ಲು ಇರೋ ದಿಕ್ಕಿಗೆ ಒಂದ್ಸಲ ನೋಡಿದ್ರು, ಮೇಕೇನ ನೋಡಿದ್ರು. "ಆ ಓಟ್ಲಿನೋನು ಒಂದಿನಾನೂ ನನ್ನ ಟೀಗೆ ಕರೀಲಿಲ್ಲ ಕಣವ್ವ."

೫. ನೀರು ಬಿಟ್ಟ ದಿನ

ಹೊಸ ನಕ್ಷೆ ಅರಕಲಗೂಡಲ್ಲಿ ತೆರೀತು, ಚನ್ನರಾಯಪಟ್ಟಣದಲ್ಲಿ ತೆರೀತು, ಟ್ರ್ಯಾಕ್ಟರ್ ಹುಡುಗರ ಮೊಬೈಲಲ್ಲೂ ತೆರೀತು. ಎಲ್ಲಾ ಕಡೆ ಅದೇ ಮನೆ, ಅದೇ ಜಾಗ. ಇಷ್ಟಕ್ಕೇ ಎರಡು ದಿನ ನನ್ನ ಕಾಲು ನೆಲದ ಮೇಲೇ ಇರ್ಲಿಲ್ಲ.

ಆಮೇಲೊಂದು ಬೆಳಗ್ಗೆ ನೀರು ಬಿಟ್ಟಿದ್ದಾರೆ ಅಂತ ಸುದ್ದಿ ಬಂತು. ಆಫೀಸಲ್ಲಿ ನಾನು, ಸಾರ್, ಹಿರಿಯರು, ಮೂರೂ ಜನ ಫೋನ್ ಮುಂದೆ ಕೂತಿದ್ವಿ. ಟ್ರ್ಯಾಕ್ಟರ್ ಹುಡುಗ ಫೋನ್ ಮಾಡಿದ. "ಮೇಡಂ, ಅಜ್ಜಿ ಮನೆ ಸಿಕ್ತು. ಕರೆಕ್ಟಾಗಿ ಬಾಗ್ಲು ಮುಂದೆ ನಿಂತಿದೀವಿ. ನೀರು ಜಗಲಿಗೆ ಬಂದೈತೆ."

"ಅಜ್ಜಿ ಹತ್ತಿದ್ರಾ?"

"ಅಜ್ಜಿ ಇಲ್ಲ ಮೇಡಂ. ಬಾಗ್ಲಿಗೆ ಆಚೆಯಿಂದ ಚಿಲಕ ಆಕೈತೆ. ತೆಗೆದು ಅಟ್ಟ ಹತ್ತಿ ನೋಡ್ದೆ, ಅಲ್ಲೂ ಇಲ್ಲ. ಮೇಕೆ ಹಗ್ಗ ಗೂಟದಲ್ಲೇ ಐತೆ, ಮೇಕೆ ಇಲ್ಲ."

ಬರ್ತಾರಜ್ಜಿ ಅಂತ ಮಾತು ಕೊಟ್ಟಿದ್ದೋಳು ನಾನು. ಹಿರಿಯರು ಎದ್ದು ಕಿಟಕಿ ಹತ್ತಿರ ಹೋಗಿ ನಮ್ಮ ಕಡೆ ಬೆನ್ನು ಮಾಡಿ ನಿಂತ್ಬಿಟ್ರು. ಹುಡುಗರಿಗೆ ಸುತ್ತ ಹುಡುಕಿ ಅಂದೆ, ಅಳಿಯನಿಗೆ ಫೋನ್ ಮಾಡ್ದೆ, ಅವನ ಹತ್ರಾನೂ ಇಲ್ಲ. ಅಷ್ಟರಲ್ಲಿ ಗೊತ್ತಿಲ್ಲದ ನಂಬರಿಂದ ಒಂದು ಫೋನು.

"ನಾನು ಟೀ ಹೋಟ್ಲೋನು ಮೇಡಂ. ಇಲ್ಲೊಂದು ಮೇಕೆ ನನ್ನ ಬನ್ನೆಲ್ಲ ತಿಂದಾಕ್ತಾ ಐತೆ. ಒಡತಿ ನೀವು ಬರ್ಕೊಟ್ಟ ನಂಬರ್ ಚೀಟಿ ಹಿಡ್ಕೊಂಡು ಬಂದವ್ರೆ, ನಿಮ್ಮ ಜೊತೆ ಮಾತಾಡ್ಬೇಕಂತೆ."

ಅಜ್ಜಿ ದನಿ ಬಂತು, ಬಹಳ ಬೇಜಾರಲ್ಲಿತ್ತು. "ಏನವ್ವ, ಎಲ್ಲೋಯ್ತು ನಿಮ್ ಟ್ಯಾಕ್ಟ್ರು? ಬೆಳಗಿಂದ ಇಲ್ಲೇ ಕಾಯ್ತಾ ಕುಂತಿವ್ನಿ."

"ಅಜ್ಜಿ, ಅದು ನಿಮ್ಮನೆ ಬಾಗ್ಲಲ್ಲಿ ನಿಂತಿದೆ."

"ಅಲ್ಯಾಕೋದ್ರು? ನಕ್ಸೇಲಿ ನಮ್ಮನೆ ಓಟ್ಲಲ್ಲೈತೆ ಅಂತ ನೀನೇ ಯೋಳಿದ್ಯಲ್ಲ."

ನಾಕು ತಾಲ್ಲೂಕಿಗೆ ಹೊಸ ನಕ್ಷೆ ಕಳಿಸಿದ್ದೆ. ಅಜ್ಜಿಗೆ ಒಂದು ಮಾತು ಹೇಳಿರ್ಲಿಲ್ಲ. ಕಣ್ಣು ಒರೆಸ್ಕೊಂಡು ತಪ್ಪಾಯ್ತಜ್ಜಿ ಅಂದೆ. ಕಿಟಕಿ ಹತ್ರ ಹಿರಿಯರ ಬೆನ್ನು ಅಲುಗ್ತಾ ಇತ್ತು. ಅಳ್ತಿದ್ರೋ ನಗ್ತಿದ್ರೋ ಗೊತ್ತಿಲ್ಲ.

ಆ ಕಡೆಯಿಂದ ಅಜ್ಜೀನೇ ಸಮಾಧಾನ ಮಾಡಿದ್ರು. "ಓಗ್ಲಿ ಬುಡು ಮಗ, ಎಂಗೂ ಮನೆ ತಾವ್ಲೇ ಅವ್ರಲ್ಲ, ಬರೋವಾಗ ಅಟ್ಟದ ಮ್ಯಾಗಿರೋ ಎಲೆಅಡ್ಕೆ ಚೀಲ ತರಕ್ ಯೋಳು. ಇವನ ಟೀ ಬಾಯಿಗಿಕ್ಕಂಗಿಲ್ಲ."