ಬಾಯಾರಿನ ಪಿಕಪ್‌ಗೆ ಹೀಟರ್ ರಿಲೇ ಹಾಕಿದ್ದು

ಉಪ್ಪಳದಲ್ಲಿ ಗಾಡಿಗಳ ವಯರಿಂಗ್ ಕೆಲಸ ಮಾಡುವ ನನಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಬಾನೆಟ್ ಎತ್ತಿದರೆ ಒಂದಲ್ಲ ಒಂದು ಸಿಗುತ್ತದೆ. ಅದರಲ್ಲೂ ಹೀಟರ್ ರಿಲೇ ಕೇಸು ಬಂದರೆ ನನಗೆ ಹಬ್ಬ. ಡೀಸೆಲ್ ಎಂಜಿನ್ ತಣ್ಣಗಿರುವಾಗ ಅದರೊಳಗಿನ ಗ್ಲೋ ಪ್ಲಗ್‌ಗಳು ಬಿಸಿಯಾಗಬೇಕು, ಅವಕ್ಕೆ ಕರೆಂಟ್ ಬಿಡುವುದು ಈ ರಿಲೇ. ಈ ಪುಟ್ಟ ಡಬ್ಬಿಯ ನಾಡಿ ಹಿಡಿಯುವುದರಲ್ಲಿ ನಮ್ಮ ಕಡೆ ನನ್ನನ್ನು ಮೀರಿಸಿದವರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲವಲ್ಲ.

ಉಪ್ಪಳಕ್ಕೆ ಬಂದರೆ ಆರೋಗ್ಯ

ಬಾಯಾರಿನಿಂದ ಬಾಳೆಗೊನೆ ತರುವ ಪಿಕಪ್‌ನ ಡ್ರೈವರ್ ಒಂದು ಮಧ್ಯಾಹ್ನ ಮುಖ ಸಪ್ಪೆ ಮಾಡಿಕೊಂಡು ಬಂದ.

"ಬೆಳಿಗ್ಗೆ ಸ್ಟಾರ್ಟೇ ಆಗುವುದಿಲ್ಲ ಅಣ್ಣ. ಕುಂಜತ್ತೂರಿನ ಮೆಕ್ಯಾನಿಕ್ ಎಂಜಿನ್ ಬಿಚ್ಚಬೇಕು ಅಂತಾನೆ. ಹಾಗಾದರೆ ಮಾರಿಬಿಡುವುದೇ."

ಆ ಗಾಡಿ ಹೋದರೆ ಅವನಿಗೆ ಬೇರೆ ದುಡಿಮೆ ಇರಲಿಲ್ಲ. ನಾನು ಕೀ ತಿರುಗಿಸಿದೆ. ಗಾಡಿ ತಕ್ಷಣ ಸ್ಟಾರ್ಟ್ ಆಯಿತು.

"ನೋಡಿ, ನಿಮ್ಮ ಎದುರು ಎಷ್ಟು ಸಾಧು. ಮನೆಗೆ ಹೋದ ಮೇಲೆ ಉಂಟು ಇದರ ನಾಟಕ," ಎಂದ.

ಓಡಿ ಬಂದ ಎಂಜಿನ್ ಬಿಸಿ ಇರುವಾಗ ಹೀಟರ್ ಬೇಕಾಗುವುದಿಲ್ಲ, ತಣ್ಣಗಾದ ಮೇಲೆಯೇ ನೋಡಬೇಕು, ಗಾಡಿ ನಾಳೆವರೆಗೆ ಇಲ್ಲೇ ಇರಲಿ ಎಂದೆ. ಅವನು ಒಪ್ಪಲಿಲ್ಲ.

"ಬೇಡ ಅಣ್ಣ. ಅದಕ್ಕೆ ಮನೆ ಬಿಟ್ಟು ಮಲಗಿ ಅಭ್ಯಾಸ ಇಲ್ಲ."

ದೂಡುವವರ ಸಂಘ

ಮರುದಿನ ಬೆಳಿಗ್ಗೆ ನಾನೇ ಬೈಕ್ ಹತ್ತಿ ಬಾಯಾರಿಗೆ ಹೋದೆ. ಅಂಗಳದಲ್ಲಿ ನೆರೆಕರೆಯವರು ಲುಂಗಿ ಎತ್ತಿ ಕಟ್ಟಿ ಸಜ್ಜಾಗಿ ನಿಂತಿದ್ದರು. ದಿನಾ ದೂಡಿ ಅವರಿಗೆ ರೂಢಿಯಾಗಿತ್ತು. ದೂಡಿದ ಮೇಲೆ ಡ್ರೈವರನ ಹೆಂಡತಿ ಎಲ್ಲರಿಗೂ ಚಾ, ಅವಲಕ್ಕಿ ಕೊಡುವ ಕ್ರಮವೂ ಇತ್ತು.

ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದೆ. ರಿಲೇಗೆ ಕರೆಂಟ್ ಬರುತ್ತಿತ್ತು, ಟಕ್ ಎಂಬ ಸದ್ದೂ ಇತ್ತು, ಆದರೆ ಪ್ಲಗ್‌ಗಳ ಕಡೆಗೆ ಕರೆಂಟ್ ದಾಟುತ್ತಿರಲಿಲ್ಲ. ಒಳಗಿನ ಪಾಯಿಂಟ್ ಸುಟ್ಟುಹೋಗಿತ್ತು. ಹೊಸ ರಿಲೇ ಹಾಕಿದೆ, ಕೀ ಆನ್ ಮಾಡಿದೆ, ಪ್ಲಗ್ ಬಿಸಿಯಾಯಿತು ಎಂದು ತಿಳಿಸುವ ಡ್ಯಾಶ್‌ಬೋರ್ಡಿನ ಹೀಟರ್ ದೀಪ ಆರಿದ ಕೂಡಲೇ ಸೆಲ್ಫ್ ಹೊಡೆದೆ. ಒಂದೇ ಏಟಿಗೆ ಸ್ಟಾರ್ಟ್. ಎಂಜಿನ್ ಬಿಚ್ಚಬೇಕಂತೆ! ನನ್ನ ಎದೆ ಉಬ್ಬಿತು.

ಶಭಾಸ್ ಎನ್ನುವವರು ಯಾರೂ ಕಾಣಲಿಲ್ಲ. ಹಿರಿಯರೊಬ್ಬರು ಲುಂಗಿ ಇಳಿಸುತ್ತಾ ಮೆಲ್ಲಗೆ ಕೇಳಿದರು, "ಹಾಗಾದರೆ ಇನ್ನು ಅವಲಕ್ಕಿ ಇಲ್ಲವಾ?"

ಗಾಡಿಗೂ ಹೆದರಿಕೆ

ಕೆಲವು ದಿನ ಕಳೆದು ಫೋನ್ ಬಂತು. "ಪುನಃ ಅದೇ ಕತೆ ಅಣ್ಣ. ಹೆಂಡತಿ ಕೂತು ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ, ನಾನು ಕೂತರೆ ಇಲ್ಲ. ಗಿರಾಕಿ ಬಂದಿದ್ದಾರೆ, ಕೊಟ್ಟುಬಿಡುತ್ತೇನೆ."

ಈಗ ಅವನ ಗಾಡಿಯ ಜೊತೆ ನನ್ನ ಮರ್ಯಾದೆಯೂ ಹೋಗುವುದರಲ್ಲಿತ್ತು. ಮಾರಬೇಡ, ನಾಳೆ ಬರುತ್ತೇನೆ ಎಂದೆ. ಹೋಗಿ ರಿಲೇ ನೋಡಿದೆ, ಪ್ಲಗ್ ನೋಡಿದೆ, ಬ್ಯಾಟರಿ ನೋಡಿದೆ. ಎಲ್ಲವೂ ಸರಿ.

"ನೀವು ಎಂತ ಮಾಡುತ್ತೀರಿ?" ಎಂದು ಅವನ ಹೆಂಡತಿಯನ್ನು ಕೇಳಿದೆ.

"ಎಂತದೂ ಇಲ್ಲ ಅಣ್ಣ. ನನ್ನ ಸ್ವರ ಕೇಳಿದರೆ ಈ ಮನೆಯಲ್ಲಿ ಎಲ್ಲವೂ ಸ್ಟಾರ್ಟ್ ಆಗುತ್ತದೆ. ಇವರೊಬ್ಬರನ್ನು ಬಿಟ್ಟು."

ದೇವರ ಲೈನ್

ಕೊನೆಗೆ ಡ್ರೈವರನ ಪಕ್ಕದಲ್ಲೇ ಕೂತೆ. "ನೀನು ದಿನಾ ಮಾಡುವ ಹಾಗೆಯೇ ಮಾಡು ಮಾರಾಯ."

ಅವನು ಕೀ ಆನ್ ಮಾಡಿದ. ಡ್ಯಾಶ್‌ಬೋರ್ಡಿನ ಗಣಪತಿಯ ಸುತ್ತ, ಗಾಡಿ ಸರಿಯಾದ ಖುಷಿಗೆ ಹೊಸದಾಗಿ ಹಾಕಿಸಿದ ಬಣ್ಣದ ಬಲ್ಬುಗಳು ಹೊತ್ತಿಕೊಂಡವು. ಕಣ್ಣು ಮುಚ್ಚಿ ಕೈ ಮುಗಿದ. ಗಣಪತಿ ಆಯಿತು, ಊರ ದೇವರಾಯಿತು, ಕುಟುಂಬದ ದೈವವಾಯಿತು, ಹೆಂಡತಿ ಮನೆಯ ದೈವವೂ ಆಯಿತು. ಹೀಟರ್ ದೀಪ ಯಾವಾಗಲೋ ಆರಿತ್ತು. ಇವನು ಕಣ್ಣು ಬಿಡುವಾಗ ಬಿಸಿಯಾದ ಪ್ಲಗ್‌ಗಳೆಲ್ಲ ತಣ್ಣಗಾಗಿದ್ದವು. ಸೆಲ್ಫ್ ಹೊಡೆದ, ಆಗಲಿಲ್ಲ. ಕೀ ಆಫ್ ಮಾಡಿ ಪುನಃ ಗಣಪತಿಯಿಂದಲೇ ಶುರು ಮಾಡಿದ. ಹೆಂಡತಿ ಮಾತ್ರ ಕೈ ಮುಗಿಯುವುದನ್ನೆಲ್ಲ ಮನೆಯೊಳಗೇ ಮುಗಿಸಿ ಬರುತ್ತಿದ್ದಳು.

"ಮೊದಲು ಪ್ರಾರ್ಥನೆ ಮಾಡು, ಆಮೇಲೆ ಕೀ," ಎಂದೆ.

"ಅದು ಹೇಗೆ ಅಣ್ಣ? ಕೀ ಆನ್ ಆದರೆ ಮಾತ್ರ ದೇವರ ಬಲ್ಬು ಹೊತ್ತುವುದು. ದೇವರನ್ನು ಕತ್ತಲೆಯಲ್ಲಿ ಕೂರಿಸಿ ಕೈ ಮುಗಿಯುವುದಾ?"

ಬ್ಯಾಟರಿಯಿಂದ ಗಣಪತಿಗೆ ಬೇರೆಯೇ ವಯರ್ ಎಳೆದು ಸ್ವಿಚ್ ಕೊಟ್ಟೆ. ಅವನು ದೇವರ ದೀಪ ಹಾಕಿ ನಿಧಾನಕ್ಕೆ ಪ್ರಾರ್ಥನೆ ಮುಗಿಸಿದ, ಆಮೇಲೆ ಕೀ ಆನ್ ಮಾಡಿ, ಹೀಟರ್ ದೀಪ ಆರಿದ ಕೂಡಲೇ ಸೆಲ್ಫ್ ಹೊಡೆದ. ಗಾಡಿ ಗುಡುಗಿತು. "ಇನ್ನು ಮಾರುವುದಿಲ್ಲ ಅಣ್ಣ," ಎನ್ನುವಾಗ ಅವನ ಕಣ್ಣು ಒದ್ದೆಯಾಗಿತ್ತು. ನಾನು ಹೆಮ್ಮೆಯಿಂದ ಬಾನೆಟ್ ಮುಚ್ಚಿದೆ.

ದೂಡಲು ಬಂದವರು ಎಂತ ಆಗಿತ್ತು ಎಂದು ಕೇಳಿದರು. ಅವನು ಗಂಭೀರವಾಗಿ ಹೇಳಿದ:

"ಗಾಡಿಗೆ ಎಂತದೂ ಆಗಿರಲಿಲ್ಲ. ದೇವರಿಗೆ ಕರೆಂಟ್ ಸಾಕಾಗುತ್ತಿರಲಿಲ್ಲ. ಈಗ ಈ ಅಣ್ಣ ಸರಿ ಮಾಡಿ ಕೊಟ್ಟರು."